ತೇರದಾಳದ ಶಿಲೆಯೂ ಕೃಷ್ಣಾತೀರದ ಪಟ್ಟಣಗಳೂ

ನದಿಯ ದಡದಲ್ಲಿ ಊರು ಹುಟ್ಟುವದು ಸಹಜ. ಹುಟ್ಟಿದ ಊರು ಶತಮಾನಗಳ ಕಾಲ ಬಾಳುವದು ಅಷ್ಟು ಸಹಜವಲ್ಲ. ಅರಸರು ಬಂದು ಹೋಗುವರು, ಹದ್ದುಗಳು ಬದಲಾಗುವವು, ವ್ಯಾಪಾರದ ದಾರಿಗಳು ಬೇರೆ ಕಡೆಗೆ ಹೊರಳುವವು. ಇಷ್ಟೆಲ್ಲ ಆದ ಮೇಲೆಯೂ ಒಂದು ಪಟ್ಟಣವು ನಿಂತಿದ್ದರೆ, ಅದನ್ನು ನಿಲ್ಲಿಸಿದವರು ಯಾರೆಂಬುದನ್ನು ವಿಚಾರಿಸುವದು ಇತಿಹಾಸಾಸಕ್ತರಿಗೆ ಉಚಿತವಾದ ಕೆಲಸವಾಗಿದೆ. ಮಹಾಬಳೇಶ್ವರದಲ್ಲಿ ಹುಟ್ಟಿ, ಸುಮಾರು 1400 ಕಿಲೋಮೀಟರು ಹರಿದು ಪೂರ್ವಸಮುದ್ರವನ್ನು ಸೇರುವ ಕೃಷ್ಣೆಯ ತೀರದಲ್ಲಿ ಯಾತ್ರಿಕರು ಅರಸಿ ಹೋಗುವ ಕ್ಷೇತ್ರಗಳು ಹಲವಿವೆ. ಆದರೆ ಈಗಿನ ಬಾಗಲಕೋಟೆ ಜಿಲ್ಲೆಯಲ್ಲಿ, ಕೃಷ್ಣಾ ಘಟಪ್ರಭೆಗಳ ನೀರುಂಡು ಬೆಳೆದ ತೇರದಾಳ, ರಬಕವಿ, ಬನಹಟ್ಟಿ, ಜಮಖಂಡಿ, ಮುಧೋಳ, ಬೀಳಗಿ ಎಂಬೀ ಪಟ್ಟಣಗಳನ್ನು ಒಂದೇ ಪ್ರವಾಸದಲ್ಲಿ ನೋಡಿ ಬರುವವರು ವಿರಳ. ಇವು ಒಂದೇ ಕಥೆಯ ಬೇರೆ ಬೇರೆ ಅಧ್ಯಾಯಗಳಾಗಿವೆ. ಆ ಕಥೆಯ ಮೊದಲ ಪುಟವು ತೇರದಾಳದಲ್ಲಿರುವದರಿಂದ ಪ್ರವಾಸವನ್ನು ಅಲ್ಲಿಂದಲೇ ಆರಂಭಿಸುವದು ಯುಕ್ತ.

ಹನ್ನೆರಡನೆಯ ಶತಮಾನದಲ್ಲಿ ಈ ಊರಿಗೆ ತೇರಿದಾಳವೆಂದು ಹೆಸರಿತ್ತು. ರಟ್ಟ ಅರಸರು ಆಳುತ್ತಿದ್ದ ಕುಂಡಿ 3000ವೆಂಬ ನಾಡಿನಲ್ಲಿ ಇದು ಹನ್ನೆರಡು ಹಳ್ಳಿಗಳ ಮುಖ್ಯಸ್ಥಳವಾಗಿತ್ತು. ಇಲ್ಲಿಯ ಮಂಡಲಿಕನಾದ ಗೊಂಕನು ನೇಮಿನಾಥ ತೀರ್ಥಂಕರನಿಗೆ ಬಸದಿಯನ್ನು ಕಟ್ಟಿಸಿದನು. ಅದಕ್ಕೆ ಗೊಂಕ ಜಿನಾಲಯವೆಂದು ಹೆಸರಾಯಿತು. 1123ರ ಸುಮಾರಿಗೆ ರಟ್ಟ ಕಾರ್ತವೀರ್ಯನ ಸಮಕ್ಷಮದಲ್ಲಿ ದಾನವು ನಡೆಯಿತೆಂದೂ, ಕೊಲ್ಲಾಪುರದ ರೂಪನಾರಾಯಣ ಬಸದಿಯ ಆಚಾರ್ಯನಾದ ಮಾಘನಂದಿ ಸೈದ್ಧಾಂತಿಕನಿಗೆ ಅದರ ಸಂಬಂಧವಿತ್ತೆಂದೂ ಬಸದಿಯ ಶಾಸನದಿಂದ ತಿಳಿದು ಬರುವದು. ಈ ಶಿಲೆಯ ವೈಶಿಷ್ಟ್ಯವೇನೆಂದರೆ ಅದರ ಬರವಣಿಗೆ ಒಮ್ಮೆಗೇ ಮುಗಿಯಲಿಲ್ಲ. 1182ರಲ್ಲಿಯೂ 1187ರಲ್ಲಿಯೂ ಅದೇ ಕಲ್ಲಿನ ಮೇಲೆ ಹೊಸ ದಾನಗಳನ್ನು ಕಂಡರಿಸಿದರು. ಈ ಅರವತ್ತು ವರ್ಷಗಳಲ್ಲಿ ಕಲ್ಯಾಣದ ಸಿಂಹಾಸನವು ಚಾಲುಕ್ಯರ ಕೈಯಿಂದ ಕಳಚುರಿಗಳಿಗೆ ಹೋಗಿ ಮತ್ತೆ ಚಾಲುಕ್ಯರಿಗೆ ಬಂದಿತು. ಗೊಂಕನ ಬಸದಿಯ ದೀಪವು ಮಾತ್ರ ಆರಲಿಲ್ಲ. ಆ ದೀಪಕ್ಕೆ ಎಣ್ಣೆ ಎರೆದವರಲ್ಲಿ ದಂಡನಾಯಕರೊಡನೆ ಅಯ್ಯಾವೊಳೆಯ ಐನೂರ್ವರೆಂಬ ವರ್ತಕ ಸಂಘದವರೂ ಇದ್ದರು. ಅಯ್ಯಾವೊಳೆಯೆಂದರೆ ಮಲಪ್ರಭೆಯ ದಡದ ಐಹೊಳೆ. ಇದೇ ಊರಲ್ಲಿ ಅಲ್ಲಮಪ್ರಭುವಿನ ಗುಡಿಯೂ ಇರುವದು. ಬಸದಿ ಮತ್ತು ಪ್ರಭುವಿನ ಗುಡಿ ಎರಡನ್ನೂ ಒಂದೇ ಊರು ಕಾಯ್ದುಕೊಂಡು ಬಂದದ್ದು ಸಣ್ಣ ಸಂಗತಿಯಲ್ಲ.

ತೇರದಾಳದಿಂದ ಮೂಡಲಿಗೆ ಹೊರಟರೆ ರಬಕವಿ, ಬನಹಟ್ಟಿಗಳು ಎದುರಾಗುವವು. ಇಲ್ಲಿ ಪ್ರವಾಸಿಕನನ್ನು ಮೊದಲು ಸ್ವಾಗತಿಸುವದು ಮಗ್ಗದ ಸಪ್ಪಳ. ಕೈಮಗ್ಗದ ಕಾಲ ಹೋಗಿ ವಿದ್ಯುತ್ ಮಗ್ಗದ ಕಾಲ ಬಂದರೂ ಸೀರೆಯ ನೇಕಾರಿಕೆಯೇ ಇವೆರಡರ ಜೀವಾಳ. ಸಂಸ್ಥಾನಗಳ ಕಾಲದಲ್ಲಿ ತೇರದಾಳ, ರಬಕವಿಗಳು ಸಾಂಗಲಿಗೂ, ಬನಹಟ್ಟಿಯು ಜಮಖಂಡಿಗೂ, ಸಮೀಪದ ಮಹಾಲಿಂಗಪುರವು ಮುಧೋಳಕ್ಕೂ ಸೇರಿದ್ದವು. ಬೀಳಗಿಯು ಬ್ರಿಟಿಷರ ವಿಜಾಪುರ ಜಿಲ್ಲೆಯಲ್ಲಿತ್ತು. ಮಗ್ಗುಲೂರಿಗೆ ನೂಲು ತರಲು ಹೋದವನು ಬೇರೊಬ್ಬ ಅರಸನ ಸೀಮೆಯನ್ನು ಹೊಗುತ್ತಿದ್ದನು. ಆದರೂ ನೇಕಾರನ ಹಾಸು ಹೊಕ್ಕುಗಳಿಗೆ ಹದ್ದಿನ ಕಲ್ಲು ಅಡ್ಡಿಯಾಗಲಿಲ್ಲ. ಅಂದು ಎರಡು ಸಂಸ್ಥಾನಗಳಿಗೆ ಸೇರಿದ್ದ ಈ ಊರುಗಳಿಗೆ ಇಂದು ಒಂದೇ ನಗರಸಭೆ.

ಜಮಖಂಡಿಯು 1811ರಿಂದ ಪಟವರ್ಧನ ಮನೆತನದ ಒಂದು ಶಾಖೆಯ ರಾಜಧಾನಿಯಾಗಿತ್ತು. ರಾಮತೀರ್ಥದ ಅರಮನೆಯು ಆ ಕಾಲದ ನೆನಪಾಗಿ ಉಳಿದಿದೆ. 1948ರಲ್ಲಿ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರಲ್ಲಿ ಈ ಸೀಮೆಯೆಲ್ಲವೂ ಕನ್ನಡಿಗರ ಒಂದೇ ರಾಜ್ಯವನ್ನು ಸೇರಿತು. ತತ್ತ್ವಜ್ಞಾನಿ ಗುರುದೇವ ರಾನಡೆಯವರು 1886ರಲ್ಲಿ ಜನಿಸಿದ್ದು ಜಮಖಂಡಿಯಲ್ಲಿ. ಇದೇ ಸೀಮೆಯ ಸಾವಳಗಿಯಲ್ಲಿ ಜನಿಸಿದ ಬಸಪ್ಪ ದಾನಪ್ಪ ಜತ್ತಿಯವರು ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾಗಿ, 1974ರಲ್ಲಿ ಭಾರತದ ಉಪರಾಷ್ಟ್ರಪತಿಗಳಾದರು.

ಅಲ್ಲಿಂದ ತೆಂಕಣಕ್ಕೆ ಘಟಪ್ರಭೆಯ ತೀರದಲ್ಲಿ ಮುಧೋಳವಿದೆ. ಘೋರ್ಪಡೆ ಮನೆತನದ ಈ ರಾಜಧಾನಿಯ ಹೆಸರು ಮುಧೋಳ ನಾಯಿಯಿಂದ ದೂರದೇಶಗಳಿಗೂ ಹೋಗಿದೆ. ಆದರೆ ಕನ್ನಡ ಮನೆತನಗಳಿಗೆ ಇದು ಮೊದಲು ರನ್ನನ ಊರು. 949ರಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿದ ಈತನು ಚಾಲುಕ್ಯರ ಆಸ್ಥಾನದಲ್ಲಿ ಕವಿಚಕ್ರವರ್ತಿಯೆನಿಸಿದನು. ಆತನು 993ರಲ್ಲಿ ಅಜಿತಪುರಾಣವನ್ನು ಮುಗಿಸಿದ್ದು ದಾನಚಿಂತಾಮಣಿ ಅತ್ತಿಮಬ್ಬೆಯ ಆಶ್ರಯದಲ್ಲಿ. ಬಳೆ ಮಾರುವ ಕುಲದ ಮಗನ ವಿದ್ಯೆಗೆ ದಾನಿಯ ಕೈ ಆಸರೆಯಾದುದರಿಂದ ಕನ್ನಡಕ್ಕೆ ಮಹಾಕವಿಯೊಬ್ಬನು ದೊರೆತನು. ಈ ಸೀಮೆಯ ಹಲಗಲಿಯ ಬೇಡರು ಆಯುಧಗಳನ್ನು ಒಪ್ಪಿಸಲೊಲ್ಲದೆ 1857ರಲ್ಲಿ ಬ್ರಿಟಿಷರೊಡನೆ ಕಾದಿದ ಕಥೆಯನ್ನು ಲಾವಣಿಗಳು ಇಂದಿಗೂ ಮರೆತಿಲ್ಲ.

ಬೀಳಗಿಗೆ ಬಂದವರು ಅಲ್ಲಿಯ ಅರೆಟ್ಟಿನ ಬಾವಿಯನ್ನು ನೋಡಿ, ಬಳಿಕ ನದಿಯ ಕಡೆಗೆ ತಿರುಗಬೇಕು. ಅಲ್ಲಿ ಕಾಣುವದು ಆಲಮಟ್ಟಿ ಅಣೆಕಟ್ಟಿನ ಹಿನ್ನೀರು. 1964ರಲ್ಲಿ ಲಾಲಬಹಾದ್ದೂರ ಶಾಸ್ತ್ರಿಗಳು ಅಡಿಗಲ್ಲನ್ನಿಟ್ಟ ಈ ಕಟ್ಟೆಯು 2005ರಲ್ಲಿ ಪೂರ್ಣವಾಯಿತು. ಅದರಿಂದ ಕೆಳಗಿನ ನಾಡುಗಳ ಹೊಲಗಳು ಹಸುರಾದವು; ಬೀಳಗಿ ತಾಲೂಕಿನ ಅನೇಕ ಹಳ್ಳಿಗಳೂ ಬಾಗಲಕೋಟೆಯ ಹಳೆಯ ಪೇಟೆಯ ಭಾಗಗಳೂ ನೀರಿನ ಪಾಲಾದವು. ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ನ್ಯಾಯಮಂಡಳಿಯು 2010ರಲ್ಲಿ ಒಪ್ಪಿಗೆಯಿತ್ತಿದೆ. ಅದು ಕೈಗೂಡಿದ ದಿನ ಮತ್ತಷ್ಟು ಭೂಮಿಯೂ ಊರುಗಳೂ ಮುಳುಗುವವು. ಇದೇ ನದಿಗೆ ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ರೈತರು ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ತಾವೇ ಹಣ ಕೂಡಿಸಿ, ತಾವೇ ದುಡಿದು, 1989ರಲ್ಲಿ ಬ್ಯಾರೇಜನ್ನು ಕಟ್ಟಿದರು; ಅದಕ್ಕೆ ಶ್ರಮಬಿಂದು ಸಾಗರವೆಂದು ಹೆಸರಿಟ್ಟರು.

ಐನೂರ್ವರು ಬಸದಿಗೆ ಕೊಟ್ಟರು. ರೈತರು ನದಿಯ ಕಟ್ಟೆಗೆ ಕೊಟ್ಟರು. ನಡುವೆ ಎಂಟು ಶತಮಾನಗಳು ಕಳೆದರೂ ಆ ಗುಣ ಒಂದೇ. ರಟ್ಟರು, ಚಾಲುಕ್ಯರು, ಪಟವರ್ಧನರು, ಘೋರ್ಪಡೆಯವರು ಎಲ್ಲರೂ ಆಳಿ ಹೋದ ಮೇಲೆ ಈ ತೀರದ ಊರುಗಳನ್ನು ನಿಲ್ಲಿಸಿದ್ದು ಊರವರು ಕೂಡಿ ಕೊಟ್ಟ ಪಾಲು. ಕೊಟ್ಟವರ ಹೆಸರು ಉಳಿದಿರುವದು ಯಾರೋ ಅದನ್ನು ಕಲ್ಲಿನಲ್ಲಿ ಕಂಡರಿಸಿದ್ದರಿಂದ. ಬೀಳಗಿ, ಜಮಖಂಡಿ ತಾಲೂಕುಗಳ ನದೀತೀರದ ಹಳ್ಳಿಗಳಲ್ಲಿ ಗುಡಿಯ ಮುಂದೆ, ಅಗಸೆಯ ಬದಿಯಲ್ಲಿ, ಹೊಲದ ಬದುವಿನ ಮೇಲೆ ಬಿದ್ದಿರುವ ಕಲ್ಲುಗಳಿಗೆ ತೇರದಾಳದ ಶಿಲೆಗೆ ದೊರೆತ ಭಾಗ್ಯವು ಇನ್ನೂ ದೊರೆಯಬೇಕಾಗಿದೆ. ಈ ಪಟ್ಟಣಗಳಿಗೆ ಹೋಗುವ ವಿದ್ಯಾವಂತ ಕುಟುಂಬದವರು ಒಂದು ದಿನವನ್ನು ಅಂಥ ಹಳ್ಳಿಗಾಗಿ ಮೀಸಲಿಟ್ಟು, ಕಂಡ ಅಕ್ಷರಗಳನ್ನು ಪ್ರತಿಮಾಡಿ ತಂದರೆ ಪ್ರವಾಸವು ಸಾರ್ಥಕವಾಗುವದು. ನೀರು ಏರಿದ ಮೇಲೆ ಕಲ್ಲನ್ನು ಓದಲು ಬರುವದಿಲ್ಲ.