ಬೀದಿಯ ಹಾಡು, ಮನೆಯ ಅಕ್ಕಿ

2025ನೆಯ ಇಸವಿಯ ಫೆಬ್ರವರಿ 9, ಭಾನುವಾರ. ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಬದಿಯಲ್ಲಿ ಒಬ್ಬ ಆಂಗ್ಲ ಗಾಯಕ ಗಿಟಾರು ಹಿಡಿದು ನಿಂತು ಹಾಡುತ್ತಿದ್ದ. ಎಡ್ ಶೀರನ್ ಎಂದು ಅವನ ಹೆಸರು. ಲೋಕವೆಲ್ಲ ಬಲ್ಲ ಹಾಡುಗಾರ, ಎಳವೆಯಲ್ಲಿ ಬೀದಿಯಲ್ಲಿ ಹಾಡಿಯೇ ಮೇಲೆ ಬಂದವನು. ಹಾಡು ನಡುವಿನಲ್ಲಿರುವಾಗ ಪೊಲೀಸಿನವರೊಬ್ಬರು ಬಂದು ಧ್ವನಿವರ್ಧಕದ ತಂತಿಯನ್ನು ಕಿತ್ತುಬಿಟ್ಟರು. ತನಗೆ ಅನುಮತಿ ಇತ್ತೆಂದು ಗಾಯಕ ಹೇಳಿದ. ಅನುಮತಿಯನ್ನು ನಿರಾಕರಿಸಲಾಗಿತ್ತೆಂದು ಪೊಲೀಸರು ಹೇಳಿದರು. ನಾಲ್ಕು ದಿನ ಪತ್ರಿಕೆಗಳಿಗೆ ಅದೇ ಸುದ್ದಿ. ಓದುತ್ತ ಕುಳಿತಿದ್ದ ನನಗೆ ಮಾತ್ರ ಐವತ್ತು ವರ್ಷಗಳ ಹಿಂದಿನ ಬೇರೊಬ್ಬ ಹಾಡುಗಾರರು ನೆನಪಾದರು. ಅವರ ಬಳಿಯೂ ತಂತಿಗಳಿದ್ದವು. ಅವು ತಂಬೂರಿಯ ತಂತಿಗಳು. ಅವರ ಹಾಡು ನಿಂತ ಸುದ್ದಿ ಯಾವ ಪತ್ರಿಕೆಯಲ್ಲೂ ಬರಲಿಲ್ಲ.

ನಮ್ಮ ಮನೆ ಚಾಮರಾಜಪೇಟೆಯಲ್ಲಿತ್ತು. 1892ರಲ್ಲಿ ರೂಪುಗೊಂಡ ಈ ಬಡಾವಣೆಯೂ, 1898ರ ಪ್ಲೇಗಿನ ಭಯದಲ್ಲಿ ಜನ ಪೇಟೆಯನ್ನು ಬಿಟ್ಟು ಬಂದು ನೆಲೆಸಿದ ಬಸವನಗುಡಿ ಮಲ್ಲೇಶ್ವರಗಳೂ ಸಂಗೀತದ ಊರುಗಳೆಂದು ಹೆಸರಾದವು. ಹಾಗೆ ಹೇಳುವಾಗ ನಾವು ಸಾಮಾನ್ಯವಾಗಿ ನೆನೆಯುವುದು 1905ರ ಗಾಯನ ಸಮಾಜವನ್ನು, 1939ರಲ್ಲಿ ಆರಂಭವಾದ ಶ್ರೀರಾಮಸೇವಾ ಮಂಡಲಿಯ ರಾಮೋತ್ಸವವನ್ನು. ಅದು ಸರಿಯೇ. ಆದರೆ ಈ ಬೀದಿಗಳಿಗೆ ಚಪ್ಪರ ಹಾಕುವ ಮುನ್ನವೇ ಹಾಡು ಬಂದಿತ್ತು, ಕಾಲ್ನಡಿಗೆಯಲ್ಲಿ.

ಬೆಳಗಿನ ಜಾವಕ್ಕೆ ಬುಡುಬುಡಿಕೆಯವನು. ಹೊತ್ತೇರಿದ ಮೇಲೆ ಓಲಗದೊಡನೆ ಕೋಲೆಬಸವ. ಶ್ರಾವಣ ಶನಿವಾರಗಳಲ್ಲಿ ಶಂಖ ಜಾಗಟೆಗಳ ದಾಸಯ್ಯ. ಅವನ ಹಿಂದೆಯೇ ನಾಮ ಹಾಕಿಕೊಂಡು, ಚೊಂಬು ಹಿಡಿದು, ಗೋವಿಂದನನ್ನು ಕೂಗುತ್ತ ಬರುವ ನಮ್ಮಂಥ ಹುಡುಗರು. ದಕ್ಷಿಣದ ಕಡೆಯಿಂದ ಕಂಸಾಳೆಯವರೂ, ಮಂಟೇಸ್ವಾಮಿಯ ಕಥೆ ಹಾಡುವ ತಂಬೂರಿಯ ನೀಲಗಾರರೂ ಬರುತ್ತಿದ್ದರು. ಮೂರು ಸೋರೆಬುರುಡೆಗಳ ಕಿನ್ನರಿಯನ್ನು ಹಿಡಿದ ಜೋಗಿಯನ್ನು ನಾನು ಬಾಲ್ಯದಲ್ಲಿ ಒಂದೇ ಬಾರಿ ಕಂಡದ್ದು. ಕಾರ್ತಿಕದ ಕಡೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ಕೋಲಿನ ತುಂಬ ಕೊಳಲು ಸಿಕ್ಕಿಸಿಕೊಂಡು ನುಡಿಸುತ್ತ ಮಾರುವವನನ್ನು ಸಂಗೀತಗಾರನೆನ್ನಬೇಕೋ ವ್ಯಾಪಾರಿಯೆನ್ನಬೇಕೋ ನನಗೆ ಇಂದಿಗೂ ತಿಳಿಯದು. ಅವನ ಕೈಯಲ್ಲಿ ಸಿನಿಮಾ ಹಾಡನ್ನು ಸುಶ್ರಾವ್ಯವಾಗಿ ನುಡಿದ ಕೊಳಲು, ನಾಲ್ಕಾಣೆ ಕೊಟ್ಟು ಮನೆಗೆ ತಂದೊಡನೆ ಬರೀ ಗಾಳಿಯನ್ನು ಉಸುರುತ್ತಿತ್ತು. ಮೂರು ವರ್ಷ ಮೂರು ಕೊಳಲು ಕೊಂಡ ಮೇಲೆ ದೋಷ ಬಿದಿರಿನದಲ್ಲವೆಂದು ಒಪ್ಪಿಕೊಂಡೆ.

ನಾನು ಹೇಳಹೊರಟ ಹಾಡುಗಾರರು ಇವರಾರೂ ಅಲ್ಲ. ಅವರನ್ನು ನಾವು ತಂಬೂರಿ ದಾಸರೆಂದೇ ಕರೆಯುತ್ತಿದ್ದೆವು. ನಿಜವಾದ ಹೆಸರನ್ನು ಯಾರೂ ಕೇಳಿರಲಿಲ್ಲ. ವಾರಕ್ಕೊಮ್ಮೆ ಬರುವರು. ಎಡಗೈಯಲ್ಲಿ ತಂಬೂರಿ, ಬಲಗೈಯಲ್ಲಿ ಚಿಟಿಕೆ, ಕಾಲಲ್ಲಿ ಗೆಜ್ಜೆ, ಹೆಗಲಲ್ಲಿ ಜೋಳಿಗೆ. ಒಂದು ಮನೆಗೆ ಒಂದು ದೇವರನಾಮ, ಅಂಕಿತದವರೆಗೆ. ಅದರಲ್ಲಿ ಚರಣ ನುಂಗುವ ಮೋಸವಿಲ್ಲ. ನಮ್ಮಜ್ಜಿಯ ಕಡೆಯಿಂದಲೂ ಒಂದು ಕಟ್ಟುನಿಟ್ಟು. ಹಾಡು ನಡೆಯುತ್ತಿರುವಾಗಲೇ ನಾನು ಅಕ್ಕಿಯ ಪಾವನ್ನು ಹಿಡಿದು ಬಾಗಿಲಿಗೆ ಓಡಿದರೆ ತೋಳು ಹಿಡಿದು ನಿಲ್ಲಿಸುವರು. “ಮುಗೀಲಿ ತಡಿಯೋ. ಮಧ್ಯೆ ತಂದು ಸುರಿದರೆ ಅದು ಕೊಟ್ಟ ಹಾಗಲ್ಲ, ಅಟ್ಟಿದ ಹಾಗೆ.”

ಅಜ್ಜಿಗೆ ಸಂಗೀತ ಹೇಳಿಕೊಟ್ಟ ಗುರುಗಳಿರಲಿಲ್ಲ. ಆದರೂ ಹನ್ನೊಂದು ದೇವರನಾಮಗಳನ್ನು ಧಾಟಿಸಹಿತ ಹಾಡುತ್ತಿದ್ದರು. ಅಷ್ಟನ್ನೂ ಕಿಟಕಿಯ ಸರಳುಗಳ ಹಿಂದೆ ನಿಂತು ಕಲಿತದ್ದು. ಪುರಂದರದಾಸರ ಕೃತಿಗಳ ಮೂಲ ಧಾಟಿಗಳು ಬಹುಮಟ್ಟಿಗೆ ನಷ್ಟವಾದವೆಂದೂ, ಇಂದು ಸಭೆಗಳಲ್ಲಿ ಕೇಳಿಬರುವ ರಾಗಗಳು ಹೆಚ್ಚಿನಂಶ ಅನಂತರದವರು ಅಳವಡಿಸಿದವೆಂದೂ ಬಲ್ಲವರು ಹೇಳುತ್ತಾರೆ. ತಂಬೂರಿ ದಾಸರ ಧಾಟಿಗಳು ಎಷ್ಟು ಹಳೆಯವೆಂದು ಹೇಳುವ ಧೈರ್ಯ ನನಗಿಲ್ಲ. ಸಭೆಯಲ್ಲಿ ಕೇಳಿದವುಗಳಿಗಿಂತ ಸರಳವಾಗಿದ್ದವು, ನಡಿಗೆಗೆ ಹೊಂದುವಂತಿದ್ದವು ಎಂದಷ್ಟೇ ಹೇಳಬಲ್ಲೆ. ಎರಡು ಹೆಜ್ಜೆಗೊಂದು ಗೆಜ್ಜೆಯ ಘಾತ ಬೀಳುವ ಹಾಡು ಅದು. ಕುಳಿತು ಹಾಡಿದರೆ ಅದರ ಅರ್ಧ ಜೀವ ಹೋಗುತ್ತದೆ.

ಹೀಗೆ ಮನೆಮನೆಗೆ ಹಾಡಿ ಪಡೆಯುವುದಕ್ಕೆ ನಮ್ಮ ಹಿಂದಿನವರಲ್ಲಿ ಒಳ್ಳೆಯ ಹೆಸರುಗಳೇ ಇದ್ದವು. ಜೇನು ಹೂವಿನಿಂದ ಹೂವಿಗೆ ಹೋಗಿ ಸ್ವಲ್ಪಸ್ವಲ್ಪವೇ ಕೊಳ್ಳುವುದರಿಂದ ಮಧುಕರ ವೃತ್ತಿ. ಕೊಯ್ಲಾದ ಗದ್ದೆಯಲ್ಲಿ ಉದುರಿದ ಕಾಳನ್ನು ಆಯ್ದುಕೊಳ್ಳುವುದರಿಂದ ಉಂಛವೃತ್ತಿ. ಕಾವೇರಿ ತೀರದ ತಿರುವೈಯಾರಿನಲ್ಲಿ ತ್ಯಾಗರಾಜರು (1767-1847) ಬದುಕಿದ್ದು ಉಂಛವೃತ್ತಿಯಿಂದ. ಇಂದಿಗೂ ಪುಷ್ಯ ಬಹುಳ ಪಂಚಮಿಯ ಆರಾಧನೆಗಳಲ್ಲಿ ವಿದ್ವಾಂಸರು ತಂಬೂರಿ ಹಿಡಿದು ಬೀದಿಯಲ್ಲಿ ಒಂದು ಸುತ್ತು ಹಾಡುತ್ತ ಬರುವುದುಂಟು. ಆ ದಿನ ಅಕ್ಕಿ ಹಾಕುವವರು ಕೈಮುಗಿದು ಹಾಕುತ್ತಾರೆ.

ಶರಣರ ದಾರಿ ಇದಕ್ಕಿಂತ ಬೇರೆ. ಕಾಯಕವಿಲ್ಲದೆ ಕೈಚಾಚುವುದನ್ನು ಅವರು ಒಪ್ಪಿದವರಲ್ಲ. ಆದರೆ ಅವರ ನಡುವೆಯೂ ಕಿನ್ನರಿ ಬ್ರಹ್ಮಯ್ಯನೆಂಬ ಶರಣನಿದ್ದ. ಕಿನ್ನರಿ ನುಡಿಸುವುದೇ ಅವನ ಕಾಯಕವಾಗಿತ್ತೆಂದೂ, ಬಂದದ್ದನ್ನು ದಾಸೋಹಕ್ಕೆ ಸಲ್ಲಿಸುತ್ತಿದ್ದನೆಂದೂ ಪರಂಪರೆ ಹೇಳುತ್ತದೆ. ಒಂದು ಕಡೆ ಹಾಡು ದೈವದ ಹೆಸರಿನ ಭಿಕ್ಷೆ. ಇನ್ನೊಂದು ಕಡೆ ಹಾಡು ಬೆವರಿನ ದುಡಿಮೆ. ನನ್ನ ಒಲವು ಬ್ರಹ್ಮಯ್ಯನ ಕಡೆಗೆ. ಆದರೆ ಎರಡು ಪಕ್ಷದವರೂ ಹಾಡನ್ನು ಸುಳ್ಳೆಂದು ಕರೆಯಲಿಲ್ಲ ಎಂಬುದನ್ನು ಗಮನಿಸಬೇಕು.

ಹಾಗೆ ಕರೆದದ್ದು ಆಧುನಿಕ ಕಾನೂನು. ಮೈಸೂರು ಸಂಸ್ಥಾನದಲ್ಲಿ 1944ರಲ್ಲಿಯೇ ಭಿಕ್ಷಾಟನೆಯನ್ನು ನಿಷೇಧಿಸುವ ಕಾಯಿದೆಯಾಯಿತು. 1959ರ ಮುಂಬಯಿ ಕಾಯಿದೆ ಸಾರ್ವಜನಿಕ ಸ್ಥಳದಲ್ಲಿ ಹಾಡುವುದನ್ನೂ ಕುಣಿಯುವುದನ್ನೂ ಭಿಕ್ಷೆಯ ‘ನೆಪ’ಗಳ ಪಟ್ಟಿಗೆ ಸೇರಿಸಿತು. ಅದು ದೆಹಲಿಗೂ ವಿಸ್ತರಿಸಿತ್ತು. ಭಿಕ್ಷೆಯನ್ನು ಅಪರಾಧವಾಗಿಸಿದ ಅದರ ವಿಧಿಗಳನ್ನು ದೆಹಲಿ ಉಚ್ಚ ನ್ಯಾಯಾಲಯ ತಳ್ಳಿಹಾಕಿದ್ದು 2018ರಲ್ಲಿ. ಕರ್ನಾಟಕಕ್ಕೆ 1975ರಲ್ಲಿ ತನ್ನದೇ ಕಾಯಿದೆ ಬಂತು. ಮನೆಗಂದಾಯದ ಮೇಲೆ ನೂರಕ್ಕೆ 3ರಂತೆ ಭಿಕ್ಷುಕರ ಕರವೂ ಸೇರಿತು. ಮನೆಯವರು ಬಾಗಿಲಲ್ಲಿ ಹಾಕುತ್ತಿದ್ದ ಅಕ್ಕಿ ರಸೀತಿಯ ಲೆಕ್ಕಕ್ಕೆ ಬಂದಂತಾಯಿತು.

ಇದು ನಮ್ಮ ನಾಡಿನದೇ ಕಥೆಯೆಂದು ತಿಳಿಯಬೇಕಾಗಿಲ್ಲ. ಇಂದಿನ ಗಣಕಯಂತ್ರಕ್ಕೆ ಮುತ್ತಾತನೆನಿಸಿದ ಚಾರ್ಲ್ಸ್ ಬ್ಯಾಬೇಜ್ ಲಂಡನ್ನಿನ ಬೀದಿ ವಾದ್ಯಗಾರರ ಮೇಲೆ ವರ್ಷಗಟ್ಟಲೆ ಸಮರ ಹೂಡಿದ್ದ. ತನ್ನ ಲೆಕ್ಕಾಚಾರಕ್ಕೆ ಭಂಗವೆಂಬುದು ಅವನ ದೂರು. 1864ರಲ್ಲಿ ಅಲ್ಲಿ ಒಂದು ಕಾಯಿದೆಯೇ ಆಯಿತು. ತಕ್ಕ ಕಾರಣವಿದ್ದು ಮನೆಯವನು ಹೋಗೆಂದರೆ ಬೀದಿಯ ಹಾಡುಗಾರ ಹೋಗಲೇಬೇಕು. ನಮ್ಮಲ್ಲಿ ಅದಕ್ಕೆ “ಮುಂದಕ್ಕೆ ಹೋಗಪ್ಪ” ಎಂಬ ಮಾತೇ ಸಾಕಾಗುತ್ತಿತ್ತು. ಬ್ಯಾಬೇಜನ ಯಂತ್ರದ ಸಂತತಿಯಿಂದಲೇ ಇಂದು ಅನ್ನ ತಿನ್ನುವ ಬೆಂಗಳೂರಿನಲ್ಲಿ ಅವನ ಕೋಪವನ್ನು ನೆನೆದಾಗ ನನಗೆ ಸ್ವಲ್ಪ ನಗು ಬರುತ್ತದೆ.

1976ರ ಶ್ರಾವಣ. ನನಗೆ ಹತ್ತೊಂಬತ್ತು ವರ್ಷ. ಹಾಲಿನ ಪಾತ್ರೆ ಹಿಡಿದು ಹಿಂದಿರುಗುತ್ತಿದ್ದೆ. ಬೀದಿಯ ಮೂಲೆಯಲ್ಲಿ ಒಂದು ವ್ಯಾನು ನಿಂತಿತ್ತು. ಅದರೊಳಗೆ ಆಗಲೇ ಏಳೆಂಟು ಮಂದಿ. ತಂಬೂರಿ ದಾಸರನ್ನು ಹಿಂದಿನ ಬಾಗಿಲಿನ ಬಳಿ ನಿಲ್ಲಿಸಿದ್ದರು. ಅವರು ತಂಬೂರಿಯನ್ನು ಎರಡು ಕೈಯಲ್ಲೂ ಅವುಚಿಕೊಂಡಿದ್ದರು. ಇಕ್ಕಟ್ಟಿನಲ್ಲಿ ಬುರುಡೆ ಒಡೆದೀತೆಂಬ ಆತಂಕ. ಕರೆದೊಯ್ಯುವವರಲ್ಲಿ ಒಬ್ಬ, ಒರಟನೇನಲ್ಲ, ಸುತ್ತ ನಿಂತವರನ್ನು ಕೇಳಿದ: “ಇವರನ್ನ ಯಾರಾದರೂ ಬಲ್ಲಿರಾ?” ದಾಸರು ನನ್ನ ಕಡೆ ನೋಡಿದರು. ನನ್ನ ಜೊತೆ ಕಾಲೇಜಿನ ಇಬ್ಬರು ಗೆಳೆಯರಿದ್ದರು. ಬಲ್ಲೆ ಎಂದರೆ ಏನೆಂದು ಬಲ್ಲೆ? ಭಿಕ್ಷಕ್ಕೆ ಬರುವವರೆಂದೇ? ಹೆಸರು ಸಹ ನನಗೆ ತಿಳಿಯದು. ಈ ಸಮಾಧಾನಗಳೆಲ್ಲ ಆಮೇಲೆ ಹುಟ್ಟಿಕೊಂಡವು. ಆ ಕ್ಷಣದಲ್ಲಿ ನಾಚಿಕೆಯಾಯಿತು, ಸುಮ್ಮನೆ ನಿಂತೆ. ವ್ಯಾನು ಹೊರಟಿತು.

ಮನೆಗೆ ಬಂದು ಅಜ್ಜಿಗೆ ಹೇಳಲಿಲ್ಲ. ಮುಂದಿನ ವಾರ ಅವರು ಪಾವಿನಲ್ಲಿ ಅಕ್ಕಿ ಅಳೆದಿಟ್ಟು ಕಾದರು. ಅದರ ಮುಂದಿನ ವಾರವೂ ಕಾದರು. “ಮೈಗೆ ಹುಷಾರಿಲ್ಲವೇನೋ ದಾಸರಿಗೆ” ಎಂದರು. ಅವರನ್ನು ನಾವು ಮತ್ತೆ ನೋಡಲಿಲ್ಲ.

ಬಹಳ ವರ್ಷಗಳಾದ ಮೇಲೆ ಬೇರೊಂದು ಕೆಲಸಕ್ಕಾಗಿ ಆ 1975ರ ಕಾಯಿದೆಯನ್ನು ತೆರೆದು ಓದಿದೆ. ಭಿಕ್ಷುಕನೆಂದರೆ ಯಾರೆಂಬ ವ್ಯಾಖ್ಯೆಯ ಕಡೆಯಲ್ಲಿ ಕೆಲವರನ್ನು ಹೊರಗಿಡಲಾಗಿದೆ: ಪರವಾನಗಿ ಪಡೆದ ಧಾರ್ಮಿಕ ಭಿಕ್ಷುಗಳು, ಹಾಗೆಯೇ ತಮ್ಮ ಸಮುದಾಯದ ರೂಢಿಗೆ ಅನುಸಾರವಾಗಿ, ಹರಕೆಯಾಗಿಯೋ ಕರ್ತವ್ಯವಾಗಿಯೋ, ಯಾರಿಗೂ ಪೀಡೆಯಾಗದಂತೆ ಭಿಕ್ಷೆ ಎತ್ತುವವರು. ಪುಸ್ತಕವನ್ನು ಮುಚ್ಚಿಟ್ಟು ಸ್ವಲ್ಪ ಹೊತ್ತು ಕುಳಿತಿದ್ದೆ. ‘ಬಲ್ಲೆ, ನಮ್ಮ ಮನೆಗೆ ವಾರವಾರವೂ ದೇವರನಾಮ ಹಾಡುವ ದಾಸರು’ ಎಂಬ ಒಂದು ಮಾತಿಗೆ ಅಂದು ಬೆಲೆಯಿತ್ತೋ ಏನೋ.

ಆದರೆ ಆ ವಿನಾಯಿತಿಯಿಂದಲೂ ನನಗೆ ಪೂರ್ತಿ ಸಮಾಧಾನವಿಲ್ಲ. ಅದು ಕಾಯುವುದು ದೇವರ ಹೆಸರನ್ನು, ಹಾಡನ್ನಲ್ಲ. ಭಕ್ತನನ್ನು ಗುರುತಿಸುತ್ತದೆ, ಭಿಕ್ಷುಕನನ್ನು ಗುರುತಿಸುತ್ತದೆ. ನಡುವೆ ಬರೀ ಹಾಡುಗಾರನೆಂಬುವನೊಬ್ಬನಿರಬಹುದೆಂದು ಅದಕ್ಕೆ ತೋಚಿಲ್ಲ. ಅದೇ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ರಾಮೋತ್ಸವದ ಕಚೇರಿಗಳು ನಡೆಯುವಾಗ ಚೀಟಿ ಕೊಳ್ಳಲಾರದ ನಾವು ಹೊರಗೆ ರಸ್ತೆಯ ಬದಿಯಲ್ಲಿ ಕುಳಿತು ಮಹಾ ವಿದ್ವಾಂಸರನ್ನೆಲ್ಲ ಬಿಟ್ಟಿಯಾಗಿ ಕೇಳಿದೆವು. ಬೀದಿಯಲ್ಲಿ ಕುಳಿತು ಕೈಚಾಚಿ ಸಂಗೀತವನ್ನು ಬೇಡಿದವರು ನಾವು. ನಮ್ಮನ್ನು ಯಾವ ವ್ಯಾನೂ ಹತ್ತಿಸಲಿಲ್ಲ.

ಮೊನ್ನೆ ಮಲ್ಲೇಶ್ವರದ ಎಂಟನೆಯ ಅಡ್ಡರಸ್ತೆಗೆ ಹೋಗಿದ್ದೆ. ಹೂವಿನ ಅಂಗಡಿಗಳ ಆಚೆ ಕಣ್ಣಿಲ್ಲದ ದಂಪತಿಗಳಿಬ್ಬರು ಚಿಕ್ಕ ಧ್ವನಿಪೆಟ್ಟಿಗೆಯೊಂದನ್ನು ಇಟ್ಟುಕೊಂಡು ಹಳೆಯ ಚಿತ್ರಗೀತೆ ಹಾಡುತ್ತಿದ್ದರು. ಗಂಡನ ಶ್ರುತಿ ಶುದ್ಧವಾಗಿತ್ತು. ಜನ ನಡೆಯುತ್ತಲೇ ಡಬ್ಬಿಗೆ ನಾಣ್ಯ ಎಸೆದು ಹೋಗುತ್ತಿದ್ದರು. ನಾನು ಹಾಡು ಮುಗಿಯುವವರೆಗೆ ನಿಂತೆ. ಆಮೇಲೆ ಬಾಗಿ ನೋಟನ್ನು ಹಾಕಿದೆ. ಯಾರೋ ನಿಂತಿದ್ದಾರೆಂದು ಹೇಗೋ ತಿಳಿದ ಆತ, “ಯಾವುದು ಹಾಡ್ಲಿ ಸ್ವಾಮಿ?” ಎಂದು ಕೇಳಿದ. ಅಜ್ಜಿಯ ಹನ್ನೊಂದರಲ್ಲಿ ಒಂದನ್ನು ಹೇಳಿದೆ. “ಎರಡು ಚರಣ ಬರತ್ತೆ” ಎಂದ.

ಅಷ್ಟೇ ಹಾಡಿ ಎಂದೆ. ಅವರ ಹೆಸರನ್ನೂ ಕೇಳಿಕೊಂಡೆ.