ಬಾಂಧವ್ಯದ ಒಳಮಾದರಿ

ಪೋಷಕರ ನಡವಳಿಕೆಗೆ ಮಗು ತಾನೇ ಅರ್ಥ ಹಚ್ಚಿ ಮನಸ್ಸಿನಲ್ಲಿ ಕಟ್ಟಿಕೊಳ್ಳುವ ನಿರೀಕ್ಷೆಗಳ ಚೌಕಟ್ಟು. ಅತ್ತರೆ ಯಾರಾದರೂ ಬರುತ್ತಾರೆಯೆ, ನಾನು ಅವರಿಗೆ ಬೇಕಾದ ಕೂಸೇ ಎಂಬ ಎರಡು ಪ್ರಶ್ನೆಗಳಿಗೆ ಮಾತು ಕಲಿಯುವ ಮೊದಲೇ ಮಗು ಕಂಡುಕೊಂಡ ಉತ್ತರ ಎಂದರೂ ಸರಿ. ಬ್ರಿಟಿಷ್ ಮನೋವೈದ್ಯ ಜಾನ್ ಬೌಲ್ಬಿ (1907–1990) ಈ ಕಲ್ಪನೆಯನ್ನು 1969ರಿಂದ 1980ರವರೆಗೆ ಹೊರಬಂದ ಮೂರು ಸಂಪುಟಗಳಲ್ಲಿ ಬೆಳೆಸಿದರು. ಮನುಷ್ಯ ಹೊರಜಗತ್ತಿನ ಪುಟ್ಟ ಪ್ರತಿರೂಪವೊಂದನ್ನು ತಲೆಯಲ್ಲಿಟ್ಟುಕೊಂಡು ಮುಂದಿನದನ್ನು ಊಹಿಸುತ್ತಾನೆಂಬ ಮನೋವಿಜ್ಞಾನಿ ಕೆನೆತ್ ಕ್ರೇಕ್ ಅವರ 1943ರ ವಿಚಾರ ಇದರ ಬೇರು.

ಹಿರಿಯರು ಮಾಡಿದ್ದು ಒಂದು, ಮಗುವಿಗೆ ಕಂಡದ್ದು ಇನ್ನೊಂದು ಆಗುವುದಕ್ಕೆ ಬೌಲ್ಬಿಯವರ ಸಹೋದ್ಯೋಗಿ ಜೇಮ್ಸ್ ರಾಬರ್ಟ್‌ಸನ್ ಅವರ 1952ರ ಸಾಕ್ಷ್ಯಚಿತ್ರಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. ಹೊಕ್ಕುಳಿನ ಹರ್ನಿಯಾ ಶಸ್ತ್ರಚಿಕಿತ್ಸೆಗೆಂದು 8 ದಿನ ಆಸ್ಪತ್ರೆಯಲ್ಲಿದ್ದ ಎರಡು ವರ್ಷದ ಹುಡುಗಿಯ ಚಿತ್ರ ಅದು. ಹೆತ್ತವರು ವಾರ್ಡಿಗೆ ಬರಲು ಆಗ ಕಟ್ಟುಪಾಡಿತ್ತು. ಆಸ್ಪತ್ರೆಯ ನಿಯಮ ಆ ವಯಸ್ಸಿಗೆ ತಿಳಿಯದು; ಅಮ್ಮ ಬಿಟ್ಟುಹೋದಳು ಎಂಬುದಷ್ಟೇ ತಿಳಿಯುತ್ತದೆ. ಹುಡುಗಿ ಅಳು ನುಂಗಿಕೊಂಡಳು, ತಾಯಿ ಬಂದಾಗ ಮುಖ ತಿರುಗಿಸಿದಳು. ‘ಹೊಂದಿಕೊಂಡಿದೆ’ ಎಂದು ದೊಡ್ಡವರು ಮೆಚ್ಚುವ ಮೌನದ ಹಿಂದೆ ನಂಬಿಕೆ ಕಳೆದುಕೊಂಡ ಮಗುವಿದೆ ಎಂಬುದು ರಾಬರ್ಟ್‌ಸನ್ ವಾದ. ವೈದ್ಯರಲ್ಲಿ ಹಲವರು ಸಿಟ್ಟಾದರು. ಆದರೂ ಆಸ್ಪತ್ರೆಯಲ್ಲಿರುವ ಮಕ್ಕಳ ಕುರಿತ ಬ್ರಿಟನ್ನಿನ 1959ರ ಪ್ಲ್ಯಾಟ್ ವರದಿ ಭೇಟಿಯ ನಿರ್ಬಂಧ ತೆಗೆಯಬೇಕೆಂದೇ ಶಿಫಾರಸು ಮಾಡಿತು.

ಉಗಾಂಡದಲ್ಲೂ ಬಾಲ್ಟಿಮೋರ್‌ನಲ್ಲೂ ತಾಯಿ-ಮಕ್ಕಳನ್ನು ಮನೆಗಳಲ್ಲೇ ಗಮನಿಸಿದ ಮನೋವಿಜ್ಞಾನಿ ಮೇರಿ ಏನ್ಸ್‌ವರ್ತ್, ವರ್ಷದ ಮಗುವಿನಿಂದ ತಾಯಿ ಕೆಲವು ನಿಮಿಷ ದೂರವಾಗಿ ಮರಳುವ ಪ್ರಯೋಗವೊಂದನ್ನು ರೂಪಿಸಿದರು. ಅವರು ಮುಖ್ಯವಾಗಿ ನೋಡಿದ್ದು ಅಗಲಿಕೆಯನ್ನಲ್ಲ, ಮರುಭೇಟಿಯನ್ನು. ಕೆಲವು ಮಕ್ಕಳು ಓಡಿಬಂದು ಸಮಾಧಾನಗೊಂಡವು. ಕೆಲವು ಎತ್ತಿಕೊಂಡರೂ ಒದ್ದಾಡಿದವು. ಇನ್ನು ಕೆಲವು ಆಟಿಕೆಯತ್ತ ತಿರುಗಿ ತಾಯಿ ಬಂದದ್ದೇ ಕಾಣದಂತಿದ್ದವು. ಈ ಕೊನೆಯ ಗುಂಪಿನ ಎದೆಬಡಿತ ಮಾತ್ರ ಏರಿಯೇ ಇತ್ತೆಂದು 1977ರಲ್ಲಿ ಸ್ರೂಫ್ ಮತ್ತು ವಾಟರ್ಸ್ ವರದಿ ಮಾಡಿದರು.

ಈ ಸಿದ್ಧಾಂತವನ್ನು ದುಡಿಯುವ ತಾಯಂದಿರನ್ನು ದೂರಲು ಬಳಸಿದವರಿಗೆ ಕೊರತೆಯಿಲ್ಲ; ಅದು ಅನ್ಯಾಯ. ಒಂದು ದಿನದ ಗದರಿಕೆಯಿಂದ ಒಳಮಾದರಿ ಹುಟ್ಟುವುದಿಲ್ಲ, ಮರಳಿ ಮರಳಿ ಕಂಡದ್ದರಿಂದ ಹುಟ್ಟುತ್ತದೆ. ಅಜ್ಜಿ, ತಂದೆ, ಶಿಕ್ಷಕಿ ಯಾರಿಂದಲಾದರೂ ತಿದ್ದಿಸಿಕೊಳ್ಳುತ್ತದೆ. ದೊಡ್ಡವರಾದ ಮೇಲೂ ಅಷ್ಟೆ. ಮೇರಿ ಮೇನ್ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆತ್ತವರ ಬಾಲ್ಯ ಎಷ್ಟು ಕಹಿಯಾಗಿತ್ತು ಎಂಬುದಕ್ಕಿಂತ ಅದನ್ನು ಅವರು ಎಷ್ಟು ಸುಸಂಬದ್ಧವಾಗಿ ಹೇಳಬಲ್ಲರು ಎಂಬುದಕ್ಕೆ ತೂಕ ಹೆಚ್ಚಿತ್ತು. ಲಂಡನ್ನಿನಲ್ಲಿ ಫೊನಗಿ ಮತ್ತು ಸ್ಟೀಲ್ ದಂಪತಿ ಗರ್ಭಿಣಿಯರಿಂದ ಇಂಥ ಕಥನಗಳನ್ನು ಕೇಳಿ, ಹುಟ್ಟಲಿರುವ ಮಗು ವರ್ಷ ತುಂಬಿದಾಗ ತಾಯಿಯನ್ನು ನೆಚ್ಚುವುದೋ ಇಲ್ಲವೋ ಎಂದು ಅಂದಾಜಿಸಿದರು. 1991ರಲ್ಲಿ ಪ್ರಕಟವಾದ ಆ ಅಂದಾಜು ಸುಮಾರು ನಾಲ್ಕರಲ್ಲಿ ಮೂರು ಸಲ ಸರಿಯಾಗಿತ್ತು.