ಹಿಂದಿನ ಗಾಲಿ, ಮುಂದಿನ ಗಾಲಿ
ಹಂಪಿ ಬಜಾರಿಗೆ ಯಾತ್ರಿಕರನ್ನು ಕರೆತರುತ್ತಿದ್ದ ಅಂಬಾಸಿಡರ್ ಕಾರುಗಳಲ್ಲಿ ಎಂಜಿನ್ನಿನ ಬಲ ಹಿಂದಿನ ಗಾಲಿಗಳಿಗೆ ಹೋಗುತ್ತಿತ್ತು. ಮಳೆಗಾಲದ ಕೆಸರಿನಲ್ಲಿ ಅವು ಹಿಡಿತ ತಪ್ಪಿ ಸುತ್ತಿದರೆ ಕಾರಿನ ಹಿಂಭಾಗ ಪಕ್ಕಕ್ಕೆ ಜಾರುವುದು. ಜಾರಿದ ಕಡೆಗೇ ಸ್ಟಿಯರಿಂಗ್ ತಿರುಗಿಸಿ ಕಾರನ್ನು ನೇರಗೊಳಿಸಬೇಕು. ಆ ಕಾಲದ ಚಾಲಕರಿಗೆ ಇದು ಕರಗತ ವಿದ್ಯೆ.

1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಕಾರನ್ನು ಎಳೆಯುವುದು ಮುಂದಿನ ಗಾಲಿಗಳು. ಎಂಜಿನ್ನಿನ ಭಾರವೂ ಅವುಗಳ ಮೇಲೆಯೇ. ಆದುದರಿಂದ ಸಮನೆಲದ ಕೆಸರಿನಲ್ಲಿ ಹಿಡಿತ ಹೆಚ್ಚು. ಆದರೆ ಎಳೆಯುವ ಗಾಲಿಯೇ ದಿಕ್ಕು ತಿರುಗಿಸುವ ಗಾಲಿಯೂ ಹೌದಷ್ಟೆ! ಅದು ಸುಮ್ಮನೆ ಸುತ್ತತೊಡಗಿದರೆ, ಸ್ಟಿಯರಿಂಗ್ ಎಷ್ಟು ತಿರುಗಿಸಿದರೂ ಕಾರು ನೇರ ಮುಂದಕ್ಕೇ ಸಾಗುತ್ತದೆ. ಹಳೆಯ ಕೈಚಳಕ ಇಲ್ಲಿ ನಡೆಯದು, ಆಕ್ಸಿಲರೇಟರ್ ಸಡಿಲಿಸಬೇಕು. ಸಂಡೂರಿನ ಏರುದಾರಿಯಲ್ಲಿ ಭಾರ ಹಿಂದಕ್ಕೆ ಸರಿಯುವುದರಿಂದ, ಜನ ತುಂಬಿದ ಅಂಬಾಸಿಡರೇ ಮೇಲು. (ವಿಠ್ಠಲ ದೇವಾಲಯದ ಕಲ್ಲಿನ ರಥಕ್ಕೆ ಈ ಚಿಂತೆಯಿಲ್ಲ, ಅದರ ಗಾಲಿಗಳೀಗ ತಿರುಗುವುದೇ ಇಲ್ಲ.)

ಎರಡೂ ಕಾರುಗಳ ತಯಾರಿಕೆ 2014ರಲ್ಲಿಯೇ ನಿಂತಿತು. ಮೊದಲು ಮಾರುತಿ, ನಾಲ್ಕು ತಿಂಗಳ ಬಳಿಕ ಅಂಬಾಸಿಡರ್.